ಆರ್ದಲೋ ಮರಳಿನಿಂದ ಬಳ್ಳಾರಿ ಬಯಲಿಗೆ

ಪುಣೆಯಿಂದ ಪಿಂಪ್ರಿ-ಚಿಂಚ್‌ವಡದ ಕಡೆ ಹೊರಟರೆ ಕಾಸಾರವಾಡಿಯಲ್ಲಿ ನಾಶಿಕ್ ಫಾಟಾ ಸಿಗುತ್ತದೆ. ಅಲ್ಲಿನ ಎರಡು ಅಂತಸ್ತಿನ ಮೇಲ್ಸೇತುವೆಗೆ ಭಾರತರತ್ನ ಜೆ.ಆರ್.ಡಿ. ಟಾಟಾ ಅವರ ಹೆಸರಿಟ್ಟಿದ್ದಾರೆ. ದುಡಿಮೆಯ ವಯಸ್ಸನ್ನೆಲ್ಲ ಈ ಪಟ್ಟಿಯ ಕಾರ್ಖಾನೆಗಳಲ್ಲೇ ಸವೆಸಿದ ನನ್ನಂಥವರಿಗೆ ಅದು ಮನೆಯ ಹಿರಿಯರೊಬ್ಬರ ಹೆಸರಿದ್ದ ಹಾಗೆ. ಅರವತ್ತರ ದಶಕದಲ್ಲಿ ಟಾಟಾಗಳ ಲಾರಿ ಕಂಪನಿ ಟೆಲ್ಕೊ ಇಲ್ಲಿ ಬೇರೂರಿದ ಮೇಲೆ ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಬಳ್ಳಾರಿಗಳಿಂದ ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗರು ರಾತ್ರಿ ರೈಲು ಹತ್ತಿ ಪುಣೆಯಲ್ಲಿ ಇಳಿಯತೊಡಗಿದರು. ಚಿಂಚ್‌ವಡ, ನಿಗಡಿಗಳಲ್ಲಿ ಇವತ್ತು ಕೇಳಿಬರುವ ಕನ್ನಡದಲ್ಲಿ ಒಂದು ಪಾಲು ಹಾಗೆ ಬಂದದ್ದು. ಹೆಂಗಸರು ಅರ್ಜಿ ಹಾಕಬೇಕಿಲ್ಲ ಎಂದು ಬರೆದಿದ್ದ ಟೆಲ್ಕೊ ಜಾಹೀರಾತನ್ನು ಪ್ರಶ್ನಿಸಿ 1974ರಲ್ಲಿ ಜೆ.ಆರ್.ಡಿ. ಅವರಿಗೇ ಒಂದು ಕಾರ್ಡು ಬರೆದು, ಪುಣೆಗೆ ಸಂದರ್ಶನಕ್ಕೆ ಬಂದು ಕೆಲಸ ಗಿಟ್ಟಿಸಿಕೊಂಡ ಹುಬ್ಬಳ್ಳಿಯ ಸುಧಾ ಅವರ ಕಥೆ ಕನ್ನಡಿಗರಿಗೆಲ್ಲ ಗೊತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಕಥೆ. ಆರ್.ಎಂ. ಲಾಲಾ ಬರೆದ ಜೆ.ಆರ್.ಡಿ. ಜೀವನಚರಿತ್ರೆಯಲ್ಲಿ ಒಂದು ಊರಿನ ಹೆಸರು ಬರುತ್ತದೆ. ಫ್ರಾನ್ಸಿನ ಉತ್ತರ ತುದಿಯಲ್ಲಿ, ಇಂಗ್ಲಿಷ್ ಕಾಲುವೆಯ ದಡದಲ್ಲಿರುವ ಬೇಸಿಗೆ ರಜೆಯ ಊರು. ಅಕ್ಷರ ಓದಿದರೆ ಹಾರ್ಡೆಲೊಟ್. ಫ್ರೆಂಚರು ಮೊದಲಿನ ಹಕಾರವನ್ನೂ ಕೊನೆಯ ಟಕಾರವನ್ನೂ ನುಂಗಿ ಆರ್ದಲೋ ಅನ್ನುತ್ತಾರೆ. ನಮ್ಮ ದೇಶದ ನಾಗರಿಕ ವಿಮಾನಯಾನದ ಮೊದಲ ಆಸೆ ಚಿಗುರಿದ್ದು ಅಲ್ಲಿಯ ಮರಳ ಮೇಲೆ. ಈ ಸಾಲುಗಳನ್ನು ಓದಿ ಮುಗಿಸಿದ ದಿನವೇ ಆ ಮರಳನ್ನು ಒಮ್ಮೆ ಮೆಟ್ಟಬೇಕು ಅಂದುಕೊಂಡಿದ್ದೆ. ನಿವೃತ್ತಿಯಾದ ಮೇಲೆ, ಮಗಳು ಪ್ಯಾರಿಸ್ಸಿನಲ್ಲಿ ಕೆಲಸಕ್ಕಿದ್ದ ಕಾರಣ, ಅದಕ್ಕೆ ಕಾಲ ಕೂಡಿಬಂತು.

"ಪ್ಯಾರಿಸ್ ನೋಡೋದು ಬಿಟ್ಟು ಸಮುದ್ರದ ಮರಳು ನೋಡ್ತೀನಿ ಅಂತೀರಲ್ಲಪ್ಪ, ಮರಳು ನಮ್ಮಲ್ಲಿಲ್ವಾ?" ಅಂದಳು ಮಗಳು.

"ಇದೆ ಕಣಮ್ಮ. ಅಲ್ಲಿದ್ದಂಥಾದ್ದು ಇಲ್ಲ" ಅಂದೆ.

ಹೊರಡುವ ಮುನ್ನಾ ದಿನ ಅವಳೇ ನನ್ನನ್ನು ಪ್ಯಾರಿಸ್ಸಿನ ಆರ್ ಎ ಮೆತಿಯೆ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಳು. ಹಳೆಯ ಮಠವೊಂದರ ಪ್ರಾರ್ಥನಾ ಮಂದಿರವನ್ನು ಯಂತ್ರಗಳಿಗೆ ಬಿಟ್ಟುಕೊಟ್ಟಿದ್ದಾರೆ. ಎತ್ತರದ ಕಮಾನುಗಳ ಕೆಳಗೆ, ಬಣ್ಣದ ಗಾಜಿನ ಕಿಟಕಿಗಳ ಬೆಳಕಿನಲ್ಲಿ, ಬ್ಲೇರಿಯೊ 11 ತೂಗುತ್ತಿದೆ. 1909ರ ಜುಲೈ 25ರ ಬೆಳಗಿನ ಜಾವ ಲೂಯಿ ಬ್ಲೇರಿಯೊ ಇಂಗ್ಲಿಷ್ ಕಾಲುವೆ ದಾಟಿದ ಅದೇ ವಿಮಾನ. ಕುತ್ತಿಗೆ ನೋಯುವವರೆಗೆ ನೋಡುತ್ತ ನಿಂತೆ. ಮರದ ಚೌಕಟ್ಟು, ಅದನ್ನು ಬಿಗಿದ ತಂತಿಗಳು, ಬಟ್ಟೆ ಹೊದಿಸಿದ ರೆಕ್ಕೆ, ಸೈಕಲ್ಲಿನವೇ ಅನ್ನಿಸುವ ಚಕ್ರಗಳು. ಮುಂದುಗಡೆ ಮೂರು ಸಿಲಿಂಡರಿನ ಆಂಜಾನಿ ಎಂಜಿನ್, ಶಕ್ತಿ 25 ಅಶ್ವಬಲ. ನಮ್ಮ ಕಾರ್ಖಾನೆಯಿಂದ ಹೊರಬೀಳುತ್ತಿದ್ದ ಲಾರಿಯ ಎಂಜಿನ್ ಇದರ ನಾಲ್ಕು ಪಟ್ಟಿಗೂ ಹೆಚ್ಚು ಬಲದ್ದು. ಇಷ್ಟನ್ನು ನಂಬಿ ಒಬ್ಬ ಮನುಷ್ಯ ದಿಕ್ಸೂಚಿಯೂ ಇಲ್ಲದೆ ಸಮುದ್ರದ ಮೇಲೆ ಹೊರಟ. ಹಿಂದಿನ ಹಾರಾಟವೊಂದರಲ್ಲಿ ಕಾಲು ಸುಟ್ಟುಕೊಂಡು ಊರುಗೋಲು ಹಿಡಿದು ಬಂದಿದ್ದ. ನಡುವೆ ಕೆಲವು ನಿಮಿಷ ಎತ್ತ ನೋಡಿದರೂ ನೆಲವೇ ಕಾಣಲಿಲ್ಲ. ಸುಮಾರು ಮೂವತ್ತಾರೂವರೆ ನಿಮಿಷಕ್ಕೆ ಡೋವರಿನ ಹುಲ್ಲಿನ ಮೇಲೆ ಇಳಿದ. ಲಂಡನ್ನಿನ ಡೇಲಿ ಮೇಲ್ ಪತ್ರಿಕೆ ಇಟ್ಟಿದ್ದ 1000 ಪೌಂಡ್ ಬಹುಮಾನ ಅವನದಾಯಿತು. ಆ ದಿನ, ಮುಂದೆ ಜೆ.ಆರ್.ಡಿ. ಎನಿಸಿಕೊಳ್ಳುವ ಜಹಾಂಗೀರ್ ಎಂಬ ಪಾರ್ಸಿ ಹುಡುಗನಿಗೆ ಐದು ವರ್ಷ ತುಂಬಲು ನಾಲ್ಕೇ ದಿನ ಬಾಕಿ. ಅವನು ಹುಟ್ಟಿದ್ದೂ ಪ್ಯಾರಿಸ್ಸಿನಲ್ಲೇ, 1904ರ ಜುಲೈ 29ರಂದು.

ಮರುದಿನ ಗಾರ್ ದ್ಯು ನೋರ್ ನಿಲ್ದಾಣದಿಂದ ರೈಲು. ಎರಡು ಗಂಟೆ ಚಿಲ್ಲರೆಯಲ್ಲಿ ಬೂಲೋನ್. ಫ್ರಾನ್ಸಿನ ಅತಿ ದೊಡ್ಡ ಮೀನುಗಾರಿಕೆ ಬಂದರು ಇದೇ. ದಿಬ್ಬದ ಮೇಲೆ ಕೋಟೆಗೋಡೆಯ ಹಳೇ ಊರು, ಅದರ ನಡುವೆ ಎಲ್ಲಿಂದ ನೋಡಿದರೂ ಕಾಣುವ ಚರ್ಚಿನ ಗುಮ್ಮಟ. ಚಾರ್ಲ್ಸ್ ಡಿಕನ್ಸ್ 1850ರ ದಶಕದಲ್ಲಿ ಮೂರು ಬೇಸಿಗೆ ಸಂಸಾರಸಮೇತ ಇಲ್ಲಿ ಬಂದು ಉಳಿದಿದ್ದ. ಪ್ರವಾಸಿಗರು ಸಾಮಾನ್ಯವಾಗಿ ನೊಸಿಕಾ ಎಂಬ ಭಾರಿ ಮತ್ಸ್ಯಾಲಯ ನೋಡಿ ಮುಂದೆ ಹೋಗುತ್ತಾರೆ.

ನಾನು ಮಗಳಿಗೆ ಹೇಳಿ ಊರಂಚಿನ ಸೇಂಟ್ ಮಾರ್ಟಿನ್ ಕಡೆ ಗಾಡಿ ತಿರುಗಿಸಿದೆ. ಅಲ್ಲಿ ಮೀರತ್ ಮಿಲಿಟರಿ ಸ್ಮಶಾನ ಎಂಬ ಹೆಸರಿನ ಒಂದು ಜಾಗವಿದೆ. ಫ್ರಾನ್ಸಿನ ಬಂದರೊಂದರ ನೆತ್ತಿಯ ಮೇಲೆ ಮೀರತ್! 1914ರಲ್ಲಿ ಮೊದಲ ಮಹಾಯುದ್ಧಕ್ಕೆಂದು ಹಡಗಿನಲ್ಲಿ ಬಂದ ಭಾರತೀಯ ಸೈನಿಕರಿಗಾಗಿ ಬೂಲೋನಿನಲ್ಲಿ ಮೀರತ್ ಆಸ್ಪತ್ರೆ ತೆರೆದಿದ್ದರು, ಹೆಸರು ಬಂದದ್ದು ಅದರಿಂದ. ಕೆಲವರನ್ನು ಹೂಳಿದ್ದಾರೆ, ದಹನ ಮಾಡಿದವರ ಹೆಸರುಗಳು ಒಂದು ಸ್ಮಾರಕದ ಮೇಲಿವೆ. ಆ ಚಳಿಗಾಲದಲ್ಲಿ ನಮ್ಮ ಪುಣೆಯ ಹೆಸರು ಹೊತ್ತ ಪೂನಾ ಹಾರ್ಸ್ ರೆಜಿಮೆಂಟ್ ಕೂಡ ಇಲ್ಲಿಂದ ಒಳನಾಡಿನ ಫೆಸ್ತ್ಯೂಬೆರ್ ಬಳಿ ಕಂದಕಗಳಲ್ಲಿತ್ತು. ಕುದುರೆ ಬಿಟ್ಟಿಳಿದು, ಮೊಣಕಾಲುದ್ದ ಕೆಸರಿನಲ್ಲಿ ನಿಂತು ಹೋರಾಡಿದ ಕುದುರೆ ಸವಾರರು ಅವರು. ಹಿಂದುಸ್ತಾನಿ ಹೆಸರುಗಳನ್ನು ಒಂದೊಂದಾಗಿ ಓದಿದೆ. ಈ ಕರಾವಳಿಗೆ ಬರುವ ಭಾರತೀಯರು ಕಾಲು ಗಂಟೆಯನ್ನಾದರೂ ಅಲ್ಲಿ ಕಳೆಯಬೇಕು.

ಬೂಲೋನಿನಿಂದ ತೆಂಕಣಕ್ಕೆ ಹದಿನೈದು ಕಿಲೋಮೀಟರಿನಷ್ಟು ಹೋದರೆ ಆರ್ದಲೋ. ದಾರಿಯ ಎರಡೂ ಕಡೆ ಪೈನ್ ಮರಗಳು, ಮರಗಳ ನಡುವೆ ಮರಳು ದಿಬ್ಬ, ದಿಬ್ಬಗಳ ಮಧ್ಯೆ ಕಡಿದಾದ ಚಾವಣಿಯ ಮನೆಗಳು. ಇದು ತಾನಾಗಿ ಬೆಳೆದ ಊರಲ್ಲ, ನಕ್ಷೆ ಹಾಕಿ ಕಟ್ಟಿದ್ದು. ಕಟ್ಟಿಸಿದವನು ಜಾನ್ ವಿಟ್ಲಿ ಎಂಬ ಇಂಗ್ಲಿಷಿನವನು. ಲಂಡನ್ನಿನಲ್ಲಿ 1887ರ ಅಮೆರಿಕನ್ ವಸ್ತುಪ್ರದರ್ಶನ ಏರ್ಪಡಿಸಿ ಹೆಸರು ಮಾಡಿದ್ದವನು. ಇಲ್ಲಿನ ಹಳೆಯ ಕೋಟೆಮನೆಯನ್ನು ಕೊಂಡು, 1905ರ ಹೊತ್ತಿಗೆ ಸಮುದ್ರದಂಚಿನ ದಿಬ್ಬಗಳ ಮೇಲೆ ರಜೆಯ ಊರೊಂದನ್ನು ಎಬ್ಬಿಸಿದ. ಗಾಲ್ಫ್, ಟೆನಿಸ್, ಕುದುರೆ ಸವಾರಿ, ಸಮುದ್ರ ಸ್ನಾನ, ಕಾಡಿನ ಗಾಳಿ ಎಲ್ಲವೂ ಒಂದೇ ಕಡೆ ಸಿಗುವ ಊರು. ಇಂಗ್ಲೆಂಡಿನವರಿಗೆ ಕಾಲುವೆ ದಾಟಿದರೆ ಸಾಕು, ಪ್ಯಾರಿಸ್ಸಿನವರಿಗೆ ಒಂದು ರೈಲು ಪ್ರಯಾಣ. ಆ ಕೋಟೆಮನೆ ಪಕ್ಕದ ಕೊಂದೆತ್ ಗ್ರಾಮದಲ್ಲಿ ಈಗಲೂ ಇದೆ. ಹದಿಮೂರನೆಯ ಶತಮಾನದ ಬುನಾದಿ, ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಶೈಲಿಯ ಮೇಲ್ಕಟ್ಟು. ಈಗ ಇಂಗ್ಲೆಂಡ್ ಮತ್ತು ಫ್ರಾನ್ಸಿನ ಸ್ನೇಹಕ್ಕೆ ಮೀಸಲಾದ ಸಾಂಸ್ಕೃತಿಕ ಕೇಂದ್ರ. ಅದರ ಆವರಣದಲ್ಲಿ ಶೇಕ್ಸ್‌ಪಿಯರನ ಕಾಲದ ಮಾದರಿಯ ದುಂಡನೆಯ ಮರದ ರಂಗಮಂದಿರವನ್ನು 2016ರಲ್ಲಿ ತೆರೆದರು. ಹೊರಗೆ ಸುತ್ತಲೂ ಉದ್ದುದ್ದ ಬಿದಿರಿನ ಗಳು ನಿಲ್ಲಿಸಿದ್ದಾರೆ. ದೂರದಿಂದ ನೋಡಿದಾಗ ನಮ್ಮ ಕಡೆಯ ಕಣಜ ನೆನಪಾಯಿತು.

ನಾವು ಹೋದದ್ದು ಸೆಪ್ಟೆಂಬರ್ ಕೊನೆಯ ವಾರ. ಬೇಸಿಗೆಯ ಜನ ವಾಪಸಾಗಿ ಅರ್ಧ ಮನೆಗಳ ಕಿಟಕಿ ಮುಚ್ಚಿದ್ದವು. ಆ ವಾರವನ್ನು ಆರಿಸಿಕೊಳ್ಳಲು ಕಾರಣವಿತ್ತು. ಹಗಲು ರಾತ್ರಿ ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರಿನ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಇಲ್ಲಿ ಸಮುದ್ರ ವರ್ಷದಲ್ಲೇ ಅತಿ ಹೆಚ್ಚು ಏರುತ್ತದೆ, ಅತಿ ಹೆಚ್ಚು ಇಳಿಯುತ್ತದೆ. ನಮ್ಮ ಕಾರವಾರ, ಮಲ್ಪೆಗಳಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಎತ್ತರ ಎರಡು ಮೀಟರಿನ ಆಸುಪಾಸು. ಬೂಲೋನ್ ಕರಾವಳಿಯಲ್ಲಿ ದೊಡ್ಡ ಉಬ್ಬರದ ದಿನ ಅದು ಎಂಟು ಮೀಟರಿಗೂ ಮೀರುತ್ತದೆ, ಅಂದರೆ ಎರಡು ಮಾಳಿಗೆ ಮನೆಯನ್ನು ಮುಳುಗಿಸುವಷ್ಟು. ಅಟ್ಲಾಂಟಿಕದ ನೀರು ಲಾಳಿಕೆಯಂತಿರುವ ಈ ಕಾಲುವೆಗೆ ನುಗ್ಗಿ, ಕಿರಿದಾಗುತ್ತ ಹೋಗುವ ದಡಗಳ ನಡುವೆ ಇಕ್ಕಟ್ಟಾಗಿ ಮೇಲೇಳುತ್ತದೆ. ಆರು ಗಂಟೆ ಕಳೆದರೆ ಅಷ್ಟೂ ನೀರು ಹಿಂದಕ್ಕೆ. ದಡ ಬಹಳ ಸಪಾಟಾದ್ದರಿಂದ ಎಂಟು ಮೀಟರ್ ಇಳಿದ ನೀರು ನೂರಾರು ಮೀಟರ್ ದೂರ ಸರಿದು ಹೋಗಿರುತ್ತದೆ.

ದಡಕ್ಕೆ ಬಂದಾಗ ಸಮುದ್ರವೇ ಕಾಣಲಿಲ್ಲ. ಆಚೆ ಎಲ್ಲೋ ಬೆಳ್ಳಿಯ ಗೆರೆ ಎಳೆದಂತೆ ಒಂದಿಷ್ಟು ಹೊಳಪು. ಅಲ್ಲಿಯವರೆಗೆ ಒದ್ದೆ ಮರಳು, ತೆಂಕಣಕ್ಕೂ ಬಡಗಣಕ್ಕೂ ಕಣ್ಣು ಹಾಯುವಷ್ಟು. ಮೋಡದ ಬೆಳಕು ಅದರ ಮೇಲೆ ಬಿದ್ದು ಒಮ್ಮೆ ಹಾಲು, ಒಮ್ಮೆ ಹಸಿರು, ಒಮ್ಮೆ ಬೂದಿ ಬಣ್ಣವಾಗುತ್ತಿತ್ತು. ಈ ಬಣ್ಣವನ್ನು ಕಂಡೇ ಎದುವಾರ್ ಲೆವೆಕ್ ಎಂಬ ಚಿತ್ರಕಾರ 1911ರಲ್ಲಿ ಇದನ್ನು ಓಪಲ್ ರತ್ನದ ಕರಾವಳಿ ಎಂದು ಕರೆದ. ಆ ಹೆಸರೇ ನಿಂತಿದೆ.

ಬೂಟು ಕಳಚಿ ಇಳಿದೆ. ದಡದ ಮೇಲಿನ ಒಣ ಮರಳು ಹೂತುಕೊಂಡು ನಡೆಯಲು ಬಿಡಲಿಲ್ಲ. ಇಪ್ಪತ್ತು ಹೆಜ್ಜೆ ದಾಟಿ ಒದ್ದೆ ಮರಳಿಗೆ ಕಾಲಿಟ್ಟದ್ದೇ ನೆಲ ಬದಲಾಯಿತು. ಗಟ್ಟಿ, ರೋಲರ್ ಹೊಡೆದ ಹಾಗೆ. ಹಿಮ್ಮಡಿ ಊರಿ ಒತ್ತಿದರೆ ಕಾಲಿನ ಸುತ್ತ ಮರಳು ತಟ್ಟನೆ ಬೆಳ್ಳಗಾಗಿ ಒಣಗಿದಂತೆ ಕಾಣುತ್ತದೆ, ಕಾಲೆತ್ತಿದರೆ ನೀರು ಒಸರಿ ಮತ್ತೆ ಕಪ್ಪಾಗುತ್ತದೆ. ಒತ್ತಡಕ್ಕೆ ಕಣಗಳು ಒಂದರ ಮೇಲೊಂದು ಹೊರಳಿ ನಡುವಿನ ಸಂದು ಹಿಗ್ಗುತ್ತದೆ, ಮೇಲಿನ ನೀರು ಆ ಸಂದಿಗೆ ಇಳಿಯುತ್ತದೆ, ಹೀರಿಕೊಂಡ ನೀರು ಕಣಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ನುಣ್ಣನೆಯ ಮರಳು, ಅದರಲ್ಲಿ ಹಿಡಿದು ನಿಂತ ನೀರು, ದಿನಕ್ಕೆ ಎರಡು ಸಲ ಬಂದು ನೆಲವನ್ನು ಮಟ್ಟ ಮಾಡಿ ಹೋಗುವ ಸಮುದ್ರ. ಒಂದು ಪೈಸೆ ಖರ್ಚಿಲ್ಲದೆ ಸಿಗುವ, ಮೈಲಿಗಟ್ಟಲೆ ಉದ್ದದ ರನ್‌ವೇ. ವಿಮಾನ ನಿಲ್ದಾಣ ಎಂಬ ಮಾತೇ ಹೊಸದಾಗಿದ್ದ ಕಾಲದಲ್ಲಿ ಹಾರುವ ಹುಚ್ಚಿನವರು ಇಲ್ಲಿಗೆ ಬಂದದ್ದು ಸಹಜ.

ಬ್ಲೇರಿಯೊ ಮೊದಲು ದುಡ್ಡು ಮಾಡಿದ್ದು ಮೋಟಾರು ಕಾರುಗಳ ದೀಪದಿಂದ. ಆ ದುಡ್ಡನ್ನೆಲ್ಲ ವಿಮಾನಕ್ಕೆ ಸುರಿದ, ಒಂದಾದ ಮೇಲೊಂದು ಮುರಿದುಕೊಂಡ, ಹನ್ನೊಂದನೆಯ ಮಾದರಿಯಲ್ಲಿ ಗೆದ್ದ. ಗೆದ್ದ ಮೇಲೆ ಕಾರ್ಖಾನೆ ಬೆಳೆಯಿತು. ಆರ್ದಲೋದಲ್ಲಿ ಅವನದೊಂದು ಮನೆಯಿತ್ತು. ಇಲ್ಲಿನ ಮರಳನ್ನು ನೋಡಿ ಅವನಿಗೆ ಇನ್ನೊಂದು ಆಟ ಹೊಳೆಯಿತು: ಚಕ್ರದ ಮೇಲೆ ಹಾಯಿ ಕಟ್ಟಿದ ಬಂಡಿ. ಏರೋಪ್ಲಾಜ್ ಎಂದು ಹೆಸರಿಟ್ಟ. ಮರಳ ಮೇಲೆ ಓಡುವ ಹಾಯಿಬಂಡಿ ಹಿಂದೆಯೂ ಇತ್ತು, ಅದನ್ನು ಆಟವಾಗಿ ಜನರ ಕೈಗೆ ಕೊಟ್ಟವರಲ್ಲಿ ಇವನು ಮೊದಲಿಗ.

ಆ ಆಟ ಇಂದಿಗೂ ನಡೆಯುತ್ತಿದೆ. ಬಾಡಿಗೆಗೆ ಕೊಡುವ ಶೆಡ್ಡಿನ ಹುಡುಗ ನನ್ನ ನರೆತ ತಲೆಯನ್ನೊಮ್ಮೆ ನೋಡಿ, ಏನೂ ಹೇಳದೆ ಹೆಲ್ಮೆಟ್ ಕೈಗಿತ್ತ. ಮೂರು ಚಕ್ರ, ನೆಲಕ್ಕೆ ಒಂದು ಗೇಣು ಮೇಲೆ ಮಲಗಿದಂತೆ ಕೂರುವ ಆಸನ, ಎದುರಿಗೆ ಹಾಯಿಕಂಬ. ಪಾದಗಳಿಂದ ಮುಂದಿನ ಚಕ್ರ ತಿರುಗಿಸಬೇಕು. ಕೈಯಲ್ಲಿ ಒಂದೇ ಹಗ್ಗ: ಎಳೆದರೆ ಹಾಯಿ ಗಾಳಿ ಹಿಡಿಯುತ್ತದೆ, ಬಿಟ್ಟರೆ ಗಾಳಿ ಚೆಲ್ಲುತ್ತದೆ. ಬ್ರೇಕ್ ಇಲ್ಲ. ಗಾಳಿ ಬೆನ್ನಿಗಿದ್ದರೆ ಹೆಚ್ಚು ಓಟ ಅಂದುಕೊಂಡಿದ್ದೆ. ಹುಡುಗ ಕೈಸನ್ನೆ ಮಾಡಿ ಗಾಳಿಗೆ ಅಡ್ಡಲಾಗಿ ಹೋಗಿ ಅಂದ. ಹಗ್ಗ ಎಳೆದದ್ದೇ ಬಂಡಿ ಚಿಮ್ಮಿತು. ಮರಳಿನ ಸಣ್ಣ ಸಣ್ಣ ಏಣುಗಳು ಚಕ್ರದಿಂದ ಬೆನ್ನುಮೂಳೆಗೆ ದಡದಡನೆ ಬಡಿದವು, ನೀರಿನ ಹನಿ ಮುಖಕ್ಕೆ ರಾಚಿತು, ಗಾಳಿಕಡೆಯ ಹಿಂಚಕ್ರ ಒಂದು ಕ್ಷಣ ನೆಲ ಬಿಟ್ಟು ಮೇಲೆದ್ದಿತು. ಗಾಬರಿಯಲ್ಲಿ ಹಗ್ಗ ಬಿಟ್ಟೆ, ಬಂಡಿ ಕೂತಿತು. ಹಾಯಿ ಎಂದರೆ ನಿಲ್ಲಿಸಿದ ರೆಕ್ಕೆ. ವಿಮಾನದ ರೆಕ್ಕೆಯನ್ನು ಗಾಳಿ ಹೇಗೆ ಎತ್ತುತ್ತದೋ ಹಾಯಿಯನ್ನು ಹಾಗೇ ಪಕ್ಕಕ್ಕೆ ಸೆಳೆಯುತ್ತದೆ. ಕಾಲೇಜಿನಲ್ಲಿ ಕಪ್ಪು ಹಲಗೆಯ ಮೇಲೆ ಕಲಿತದ್ದನ್ನು ಮೈಯಿಂದ ಕಲಿತದ್ದು ಅವತ್ತೇ. ಮೂರು ಸುತ್ತು ಹೋಗಿ ಬಂದೆ. ಮಗಳು ಫೋಟೊ ತೆಗೆಯುವುದನ್ನೂ ಮರೆತು ನೋಡುತ್ತಿದ್ದಳು.

ಆಮೇಲೆ ಇಬ್ಬರೂ ತಡೆಗೋಡೆಯ ಮೇಲೆ ಕೂತು, ಮನೆಯವಳು ಪುಣೆಯಿಂದ ಕಟ್ಟಿ ಕಳಿಸಿದ್ದ ಹಚ್ಚಿದ ಅವಲಕ್ಕಿ ತಿಂದೆವು. ಜೊತೆಗೆ ಇಲ್ಲಿಯ ಬಿಸಿ ಆಲೂಗಡ್ಡೆ ಫ್ರೈ. ನಾನು ಟಾಟಾ ಮನೆಯ ಕಥೆ ಹೇಳಿದೆ.

ತಂದೆ ರತನ್‌ಜಿ ದಾದಾಭಾಯ್ ಟಾಟಾ, ಜಮ್ಶೇಟ್‌ಜಿ ಟಾಟಾ ಅವರ ಸಂಬಂಧಿ, ವ್ಯಾಪಾರದ ಪಾಲುದಾರ. ತಾಯಿ ಸುಜ಼ಾನ್ ಬ್ರಿಯೆರ್ ಫ್ರೆಂಚಳು. ಮಕ್ಕಳ ಬಾಲ್ಯ ಪ್ಯಾರಿಸ್, ಮುಂಬಯಿ, ಯೊಕೊಹಾಮಾಗಳ ನಡುವೆ ಹಂಚಿಹೋಗಿತ್ತು. ಬೇಸಿಗೆ ರಜೆಗೆ ಆರ್ದಲೋ. ಟಾಟಾ ಕುಟುಂಬದ ರಜೆಯ ಮನೆಗೂ ಬ್ಲೇರಿಯೊನ ಮನೆಗೂ ಹೆಚ್ಚು ದೂರವಿರಲಿಲ್ಲ, ಆ ಮನೆಯ ಮಕ್ಕಳೂ ಈ ಮನೆಯ ಮಕ್ಕಳೂ ಮರಳಿನಲ್ಲಿ ಜೊತೆಗೇ ಆಡುತ್ತಿದ್ದರು. ಬ್ಲೇರಿಯೊನ ಪೈಲಟ್ ಅದೋಲ್ಫ್ ಪೆಗೂ ವಿಮಾನವನ್ನು ತಂದು ಈ ದಡದಲ್ಲೇ ಇಳಿಸುತ್ತಿದ್ದ. 1913ರಲ್ಲಿ ಆಕಾಶದಲ್ಲಿ ವಿಮಾನವನ್ನು ತಲೆಕೆಳಗಾಗಿ ಸುತ್ತು ಹೊಡೆಸಿ ಯುರೋಪನ್ನೇ ಬೆರಗುಗೊಳಿಸಿದ ಪೆಗೂ ಇವನೇ. 1915ರಲ್ಲಿ ಯುದ್ಧದಲ್ಲಿ ತೀರಿಕೊಂಡ. ಅಂಥವನು ಕೈಗೆಟಕುವಷ್ಟು ಹತ್ತಿರ ವಿಮಾನ ನಿಲ್ಲಿಸಿದರೆ ಮಕ್ಕಳ ಪಾಡೇನಾಗಬೇಕು! ಬೇಲಿಯಿಲ್ಲ, ಕಾವಲಿಲ್ಲ. ಬಿಸಿ ಎಂಜಿನ್ನಿನ ಎಣ್ಣೆಯ ವಾಸನೆ ಮೂಗಿಗೆ ಬಡಿಯುವಷ್ಟು ಹತ್ತಿರ. ಯುದ್ಧ ಮುಗಿದ ಮೇಲೆ, ಹದಿನೈದರ ವಯಸ್ಸಿನಲ್ಲಿ, ಜಹಾಂಗೀರ್ ಇದೇ ಆರ್ದಲೋದಲ್ಲಿ ಮೊದಲ ಸಲ ವಿಮಾನ ಹತ್ತಿ ಒಂದು ಸುತ್ತು ಹಾರಿ ಬಂದ. ಪೈಲಟ್ ಆಗಬೇಕೆಂದು ತೀರ್ಮಾನಿಸಿದ್ದು ಆಗಲೇ.

ರಜೆಯ ಊರುಗಳು ಫ್ರಾನ್ಸಿನ ಕರಾವಳಿಯುದ್ದಕ್ಕೂ ಇವೆ. ಇದಕ್ಕಿಂತ ಹೆಸರುವಾಸಿಯಾದವು, ಜೂಜುಕಟ್ಟೆ, ರಾಜಮನೆತನ, ಸಿನಿಮಾ ತಾರೆಯರಿಂದ ಬೆಳಗಿದವು ಬೇಕಾದಷ್ಟು. ನನ್ನ ಮಟ್ಟಿಗೆ ಅವೆಲ್ಲಕ್ಕಿಂತ ಆರ್ದಲೋ ದೊಡ್ಡದು. ಇಲ್ಲಿ ಒಂದು ಯಂತ್ರವೂ ಒಂದು ಮಗುವೂ ನಡುವೆ ಅಡ್ಡಗೋಡೆಯಿಲ್ಲದೆ ಎದುರುಬದುರಾದವು.

ಟಾಟಾ ಮನೆ ಯಾವುದೆಂದು ಹುಡುಕುವ ಗೋಜಿಗೆ ನಾನು ಹೋಗಲಿಲ್ಲ. ಎರಡನೆಯ ಯುದ್ಧದಲ್ಲಿ ಜರ್ಮನ್ನರು ಈ ಕರಾವಳಿಗೆಲ್ಲ ಕಾಂಕ್ರೀಟು ಸುರಿದು ಗುಂಡಿನ ಗೂಡುಗಳನ್ನು ಕಟ್ಟಿದರು. ಮುರಿದ ಬಂಕರುಗಳು ದಿಬ್ಬಗಳ ನಡುವೆ ಇನ್ನೂ ವಾಲಿಕೊಂಡಿವೆ. ಮರಳು ಮಾತ್ರ ಅಂದಿನದೇ.

ಆಮೇಲಿನದು ನಮ್ಮ ನೆಲದ ಚರಿತ್ರೆ. 1929ರ ಫೆಬ್ರವರಿ 10ರಂದು ಜೆ.ಆರ್.ಡಿ. ಕೈಗೆ ಪೈಲಟ್ ಪರವಾನಗಿ ಬಂತು. ಏರೋ ಕ್ಲಬ್ ಆಫ್ ಇಂಡಿಯಾ ಅಂಡ್ ಬರ್ಮಾ ಕೊಟ್ಟ ಆ ಪತ್ರದ ಸಂಖ್ಯೆ 1. ಅದೇ ವರ್ಷ ಫ್ರೆಂಚ್ ಪೌರತ್ವ ಬಿಟ್ಟರು. ಭಾರತ ಇಂಗ್ಲೆಂಡುಗಳ ನಡುವೆ ಒಬ್ಬನೇ ಹಾರುವ ಭಾರತೀಯನಿಗೆ ಆಗಾ ಖಾನ್ ಬಹುಮಾನ ಘೋಷಿಸಿದ್ದರು, 1930ರಲ್ಲಿ ಜೆ.ಆರ್.ಡಿ. ಅದಕ್ಕಾಗಿ ಕರಾಚಿಯಿಂದ ಹೊರಟರು. ಎದುರು ದಿಕ್ಕಿನಿಂದ ಬರುತ್ತಿದ್ದ ಆಸ್ಪಿ ಎಂಜಿನಿಯರ್ ಎಂಬ ಹುಡುಗ ಈಜಿಪ್ಟಿನ ಅಬುಕೀರ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲದೆ ನಿಂತುಬಿಟ್ಟಿದ್ದ. ಜೆ.ಆರ್.ಡಿ. ತಮ್ಮಲ್ಲಿದ್ದ ಪ್ಲಗ್ ಕೊಟ್ಟರು. ಗೆದ್ದದ್ದು ಆಸ್ಪಿ, ಮುಂದೆ ಭಾರತೀಯ ವಾಯುಪಡೆಯ ಮುಖ್ಯಸ್ಥನೂ ಆದ. ಸ್ಪರ್ಧೆಯ ನಡುವೆ ಎದುರಾಳಿಯ ಎಂಜಿನ್ ಓಡಲಿ ಎಂದು ಪ್ಲಗ್ ಕೊಡುವುದು ಯಂತ್ರವನ್ನು ಪ್ರೀತಿಸುವವರಿಗೆ ಮಾತ್ರ ಸಾಧ್ಯ.

ಆಮೇಲೆ ಟಾಟಾ ಅವರ ಬಳಿಗೆ ಅಂಚೆ ವಿಮಾನದ ಯೋಜನೆ ತಂದವನು ನೆವಿಲ್ ವಿನ್‌ಸೆಂಟ್, ಬ್ರಿಟಿಷ್ ವಾಯುಪಡೆಯಲ್ಲಿದ್ದ ದಕ್ಷಿಣ ಆಫ್ರಿಕಾದವನು. ಲಂಡನ್ನಿನಿಂದ ಇಂಪೀರಿಯಲ್ ಏರ್‌ವೇಸ್ ವಿಮಾನದಲ್ಲಿ ಕರಾಚಿಗೆ ಬರುತ್ತಿದ್ದ ಅಂಚೆ ಅಲ್ಲಿಂದ ರೈಲು ಹತ್ತಿ ದಿನಗಟ್ಟಲೆ ಓಡಾಡಬೇಕಿತ್ತು. ಆ ಚೀಲಗಳನ್ನು ಮುಂಬಯಿಗೂ ಮದರಾಸಿಗೂ ವಿಮಾನದಲ್ಲೇ ಮುಟ್ಟಿಸೋಣ ಎಂಬುದು ಅವನ ಲೆಕ್ಕ. ಎರಡು ಲಕ್ಷ ರೂಪಾಯಿ ಬಂಡವಾಳ, ಒಂದೇ ಎಂಜಿನ್ನಿನ ಎರಡು ಪಸ್ ಮಾತ್ ವಿಮಾನ, ಜುಹುವಿನಲ್ಲಿ ಗರಿ ಹೊದಿಸಿದ ಒಂದು ಶೆಡ್ಡು. 1932ರ ಅಕ್ಟೋಬರ್ 15ರ ಬೆಳಗ್ಗೆ ಜೆ.ಆರ್.ಡಿ. ಕರಾಚಿಯ ಡ್ರಿಗ್ ರೋಡ್ ನಿಲ್ದಾಣದಿಂದ 25 ಕಿಲೋ ಅಂಚೆ ಹೊತ್ತು ಹೊರಟರು. ರೇಡಿಯೊ ಇಲ್ಲ, ದಾರಿ ತೋರುವ ದೀಪವಿಲ್ಲ. ಕಣ್ಣಿಗೊಂದು ಕನ್ನಡಕ, ಕೈಯಲ್ಲಿ ಲೆಕ್ಕಕ್ಕೊಂದು ಸ್ಲೈಡ್ ರೂಲ್. ಸ್ಲೈಡ್ ರೂಲ್ ಜೇಬಿನಲ್ಲಿಟ್ಟುಕೊಂಡು ಕಾಲೇಜಿಗೆ ಹೋದ ಕೊನೆಯ ತಲೆಮಾರು ನಮ್ಮದು. ಇದನ್ನು ಓದಿದಾಗ ಕಣ್ಣು ಒದ್ದೆಯಾಗಿತ್ತು. ಅಹಮದಾಬಾದಿನಲ್ಲಿ ಇಳಿದಾಗ ಪೆಟ್ರೋಲು ಬಂದದ್ದು ನಾಲ್ಕು ಗ್ಯಾಲನ್ನಿನ ಡಬ್ಬಿಗಳಲ್ಲಿ, ಎತ್ತಿನ ಗಾಡಿಯ ಮೇಲೆ. ಮಧ್ಯಾಹ್ನಕ್ಕೆ ಜುಹು. ಮೊದಲ ವರ್ಷವೇ ಈ ಪುಟ್ಟ ಕಂಪನಿ 155 ಪ್ರಯಾಣಿಕರನ್ನೂ ಹತ್ತು ಟನ್ನಿಗೂ ಹೆಚ್ಚು ಅಂಚೆಯನ್ನೂ ಹೊತ್ತಿತು, 60,000 ರೂಪಾಯಿ ಲಾಭ ಕಂಡಿತು.

ಪುಣೆಯವರು ಕಿವಿಗೊಟ್ಟು ಕೇಳಬೇಕಾದ ಮಾತು ಇಲ್ಲಿದೆ. ಜುಹು ಆಗ ಸಮುದ್ರದಂಚಿನ ಕೆಸರು ಬಯಲು. ಒಣಗಿದ್ದಾಗ ವಿಮಾನ ಇಳಿಸಬಹುದು, ಮಳೆಗಾಲ ಶುರುವಾಯಿತೆಂದರೆ ನೀರು ನಿಲ್ಲುತ್ತಿತ್ತು. ಆರ್ದಲೋ ಮರಳಿನ ಗಟ್ಟಿತನ ಆ ಮಣ್ಣಿಗೆ ಎಲ್ಲಿಂದ ಬರಬೇಕು? ಹಾಗಾಗಿ ಮಳೆಗಾಲ ಬಂದಾಗ ಇಡೀ ಕಂಪನಿಯೇ, ಅಂದರೆ ಎರಡು ವಿಮಾನ, ಮೂವರು ಪೈಲಟ್, ಮೂವರು ಮೆಕ್ಯಾನಿಕ್, ಗಂಟುಮೂಟೆ ಕಟ್ಟಿ ಘಟ್ಟದ ಮೇಲಕ್ಕೆ, ಪುಣೆಗೆ, ಬರುತ್ತಿತ್ತು. ವಿಮಾನ ನಿಲ್ದಾಣವಾಗಿ ಅವರಿಗೆ ಸಿಕ್ಕಿದ್ದು ಯರವಡಾ ಜೈಲಿನ ನೆರಳಿನಲ್ಲಿದ್ದ ಒಂದು ಮೈದಾನ. ಅಂಚೆ ವಿಮಾನ ಮೊದಲು ಹಾರಿದ 1932ರ ಅಕ್ಟೋಬರಿನಲ್ಲಿ ಗಾಂಧೀಜಿ ಆ ಜೈಲಿನೊಳಗೇ ಇದ್ದರು. ಪುಣೆ ಒಪ್ಪಂದವಾಗಿ ತಿಂಗಳೂ ಕಳೆದಿರಲಿಲ್ಲ. ಇವತ್ತು ಲೋಹಗಾಂವ್ ನಿಲ್ದಾಣಕ್ಕೆ ಹೋಗುವಾಗ ಯರವಡಾದ ಸಿಗ್ನಲ್ಲಿನಲ್ಲಿ ನಿಲ್ಲುವ ನಾವು, ಏರ್ ಇಂಡಿಯಾವನ್ನು ಹೆತ್ತ ಕಂಪನಿ ಮಳೆಗಾಲ ಕಳೆದದ್ದು ಇಲ್ಲೇ ಎಂದು ಮಕ್ಕಳಿಗೆ ಹೇಳುವುದಿಲ್ಲ. ನನಗೇ ಗೊತ್ತಾದದ್ದು ಪುಣೆಗೆ ಬಂದು ಎಷ್ಟೋ ವರ್ಷಗಳಾದ ಮೇಲೆ.

ಇನ್ನು ಬಳ್ಳಾರಿ. ಜುಹುವಿನಲ್ಲಿ ಜೆ.ಆರ್.ಡಿ. ತಂದಿಳಿಸಿದ ಅಂಚೆಯನ್ನು ಮುಂದಕ್ಕೆ ಹೊತ್ತವನು ವಿನ್‌ಸೆಂಟ್. ಗುರಿ ಮದರಾಸು. ಹಗಲು ಬೆಳಕಿನಲ್ಲಷ್ಟೇ ಹಾರಾಟ ಸಾಧ್ಯವಿದ್ದ ಕಾಲವಾದ್ದರಿಂದ ನಡುವೆ ಒಂದು ರಾತ್ರಿ ತಂಗಲೇಬೇಕು. ತಂಗಲು ಗೊತ್ತು ಮಾಡಿದ ಊರು ನಮ್ಮ ಬಳ್ಳಾರಿ. ಆಗ ಅದು ಮದರಾಸು ಪ್ರಾಂತ್ಯದ ಜಿಲ್ಲಾ ಕೇಂದ್ರ, ಮೈಸೂರಿಗೆ ಸೇರಿದ್ದು 1953ರಲ್ಲಿ. ಟಾಟಾಗಳ ಮೊದಲ ಅಂಚೆ ವಿಮಾನ 1932ರ ಅಕ್ಟೋಬರ್ 15ರ ರಾತ್ರಿ ಬಳ್ಳಾರಿಯ ನೆಲದ ಮೇಲೆ ರೆಕ್ಕೆ ಚಾಚಿ ನಿಂತಿತ್ತು, ಮರುದಿನ ಮದರಾಸು ಮುಟ್ಟಿತು. ಮುಂದೆ ಹಾದಿ ಬದಲಾಗಿ ನಿಲುಗಡೆ ಹೈದರಾಬಾದಿಗೆ ಹೋಯಿತು. ವಿನ್‌ಸೆಂಟ್ 1942ರ ಯುದ್ಧಕಾಲದಲ್ಲಿ ಇಂಗ್ಲೆಂಡಿನಿಂದ ಮರಳುವಾಗ ವಿಮಾನದೊಂದಿಗೆ ಕಾಣೆಯಾದ.

ನಾನು ಹುಟ್ಟಿ ಹೈಸ್ಕೂಲು ಮುಗಿಸಿದ್ದು ಬಳ್ಳಾರಿಯಲ್ಲಿ. ಗುಡ್ಡ ಹತ್ತಿ ಕೋಟೆಯ ಮೇಲಿಂದ ದಂಡು ಪ್ರದೇಶದ ಬಯಲುಗಳನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಸಂಜೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಆ ಬಯಲುಗಳಲ್ಲೇ ಕೂರುತ್ತಿದ್ದೆವು. ಸಮಾಜಶಾಸ್ತ್ರದ ಪಾಠದಲ್ಲಿ ಪಾಣಿಪತದ ಮೂರೂ ಯುದ್ಧಗಳ ಇಸವಿ ಬಾಯಿಪಾಠವಾಗಿತ್ತು. ನಮ್ಮೂರಿನ ಈ ಒಂದು ತಾರೀಖನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನು ತಿಳಿಯಲು ನಾನು ಪುಣೆಗೆ ಬಂದು ಪುಸ್ತಕ ಓದಬೇಕಾಯಿತು, ಅದರ ಬುಡ ಕಾಣಲು ಫ್ರಾನ್ಸಿನ ಕರಾವಳಿಗೆ ಹೋಗಬೇಕಾಯಿತು.

ಹೊತ್ತು ಕಳೆದು ನೀರು ಮರಳಿತು. ಮೊದಲು ಮರಳಿನ ತಗ್ಗುಗಳಲ್ಲಿ ಸದ್ದಿಲ್ಲದೆ ತುಂಬಿಕೊಂಡು, ಆಮೇಲೆ ನಾವು ನಡೆಯುವ ವೇಗದಲ್ಲೇ ಬೆನ್ನಟ್ಟಿಕೊಂಡು. ಹಾಯಿಬಂಡಿಗಳನ್ನು ಶೆಡ್ಡಿಗೆ ಎಳೆದೊಯ್ದರು. ಗಂಟೆಯೊಳಗೆ ನನ್ನ ಚಕ್ರದ ಗೆರೆಗಳ ಮೇಲೆ ಆಳುದ್ದ ನೀರು. ಅಲ್ಲಿಗೆ ಹೋಗುವವರು ಉಬ್ಬರ ಇಳಿತದ ವೇಳಾಪಟ್ಟಿ ನೋಡಿಕೊಂಡೇ ಹೋಗಬೇಕು. ತುಂಬಿದ ಸಮುದ್ರದ ಹೊತ್ತಿಗೆ ಹೋದರೆ ಈ ಲೇಖನದಲ್ಲಿ ಹೇಳಿದ ಮರಳು ಒಂದು ಗೇಣೂ ಕಾಣಿಸುವುದಿಲ್ಲ.

ಬಳ್ಳಾರಿಯ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ವಿನಂತಿ. ಮುಂದಿನ ಅಕ್ಟೋಬರ್ 15ರಂದು ಪ್ರಾರ್ಥನೆ ಮುಗಿದ ಮೇಲೆ ಐದು ನಿಮಿಷ ಮಕ್ಕಳನ್ನು ಅಂಗಳದಲ್ಲೇ ನಿಲ್ಲಿಸಿಕೊಳ್ಳಿ. 1932ರಲ್ಲಿ ಇದೇ ದಿನ ಕರಾಚಿಯಿಂದ ಹೊರಟ 25 ಕಿಲೋ ಕಾಗದಗಳ ಹಾದಿ ನಮ್ಮೂರ ಮೇಲೇ ಹಾದುಹೋಗಿತ್ತು, ವಿಮಾನ ರಾತ್ರಿ ಇಲ್ಲೇ ತಂಗಿತ್ತು ಎಂದು ಹೇಳಿ. ಪುಣೆಯ ಕನ್ನಡ ಶಾಲೆಯವರು ಯರವಡಾ ಮೈದಾನದ ಮಾತನ್ನು ಹೇಳಿ. ಕಾರ್ಖಾನೆಯಲ್ಲೋ ವಿಮಾನ ನಿಲ್ದಾಣದಲ್ಲೋ ಕೆಲಸ ಮಾಡುವ ಪೋಷಕರಿದ್ದರೆ, ಒಂದು ಎಂಜಿನ್ನನ್ನು ಮಕ್ಕಳು ಕೈಯಿಟ್ಟು ಮುಟ್ಟುವಷ್ಟು ಹತ್ತಿರ ಕರೆದುಕೊಂಡು ಹೋಗಿ ತೋರಿಸಿ.